ಅಟ್ಟದ ಮೇಲೆ ಹನ್ನೊಂದು ತೂತು

ಊದುಬತ್ತಿ ಹಚ್ಚಿದ್ದು ಕಂಡು
ಏಣಿಯ ಬುಡದಲ್ಲಿ ನಿಂತ ಬೊಳ್ಳಮ್ಮ
'ಪೂಜೆಗೆ ಬಂದೆಯಾ ಮೊಯ್ದು?' ಅಂದರು.
ಅಲ್ಲಕ್ಕ, ಗಾಳಿ ಕಣ್ಣಿಗೆ ಸಿಗುವ ಕಳ್ಳನಲ್ಲ,
ಒಂದಿಷ್ಟು ಹೊಗೆ ಹೊದಿಸಿದರೆ
ಎಲ್ಲಿಂದ ಜಾರುತ್ತಿದೆಯೋ ತಾನೇ ಹೇಳುತ್ತದೆ.

ಮಡಿಕೇರಿಯಲ್ಲಿ ಹುತ್ತರಿ ಕಳೆದು ಒಂಬತ್ತು ದಿನ.
ಬೆಳಗಿನ ಹತ್ತಾದರೂ ಮಂಜು ಕಿಟಕಿ ಬಿಟ್ಟು ಏಳುವುದಿಲ್ಲ.
ಹಿತ್ತಲಲ್ಲಿ ಸಿಲ್ವರ್ ಓಕ್ ತಿನ್ನುವ ಒಲೆ,
ಒಲೆಯ ಬೆನ್ನಿಗೆ ಫ್ಯಾನು, ಫ್ಯಾನಿನ ಬಾಯಿಗೆ ತಗಡಿನ ಕೊಳವೆ.
ವಿಮಾನದ ಹೊಟ್ಟೆಯೊಳಗೆ ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದ ಅವರಪ್ಪ
ಪೆನ್ಷನ್ ಬಂದ ವರ್ಷ ತಾನೇ ಕತ್ತರಿಸಿ, ಮಡಿಸಿ, ರಿವೆಟ್ ಹೊಡೆದು
ಕೋಣೆ ಕೋಣೆಗೂ ಬಿಸಿ ಹಂಚಿದ್ದು.

ಆಮೇಲೆ ಹೆಣ್ಣುಮಕ್ಕಳಿಬ್ಬರೂ ಮನೆಯನ್ನೇ ಹಂಚಿಕೊಂಡರು.
ಹಜಾರದ ನಡುವೆ ಪ್ಲೈವುಡ್ಡು.
ಒಲೆ ಅಕ್ಕನ ಪಾಲಿಗೆ, ಬಾವಿ ತಂಗಿ ಮುತ್ತವ್ವನ ಪಾಲಿಗೆ.
ಆ ಕಡೆಯ ಕೋಣೆಗಳ ಬಾಯಿಗೆಲ್ಲ ತಗಡಿನ ಮುಚ್ಚಳ.
ಕಾರಣ ಏನೆಂದು ನಾನು ಕೇಳಲಿಲ್ಲ. ಸುಂಟಿಕೊಪ್ಪದವರೆಗೂ
ಮೂರು ಬೇರೆ ಬೇರೆ ಕಾರಣಗಳು ಓಡಾಡುತ್ತಿವೆ.

'ಎಷ್ಟು ಸೌದೆ ತುರುಕಿದರೂ ಕೊನೆಗೆ ಮುಟ್ಟುವುದಿಲ್ಲ' ಅಂದಿದ್ದರು ಫೋನಿನಲ್ಲಿ.
ಹೇಗೆ ಮುಟ್ಟೀತು? ಮೊದಲ ತಿರುವಿನಲ್ಲೇ
ಬಟ್ಟೆ ಟೇಪು ಒಣಗಿ, ಹಳೆ ಗಾಯದ ಪಟ್ಟಿಯಂತೆ ಜೋತಿದೆ.
ಹೊಗೆಯ ಎಳೆ ಅಲ್ಲಿ ಸರಕ್ಕನೆ ಹೊರಳಿ ಹೆಂಚಿನ ಕಡೆ ಓಡಿತು.
ಒಂದು.
ಎರಡನೆಯದರಲ್ಲಿ ಇಲಿಯ ಸಂಸಾರ.
ಬೊಳ್ಳಮ್ಮನ ಹೊಲಿಗೆ ಯಂತ್ರದಡಿಯ ನೂಲೆಲ್ಲ,
ಕೆಂಪು, ಗಿಳಿಹಸಿರು, ಮದುವೆ ರವಿಕೆಯ ಜರಿ ಸಮೇತ, ಅಲ್ಲಿದೆ.
ಇಷ್ಟು ಬೆಚ್ಚಗಿನ ಬಾಣಂತಿ ಕೋಣೆ ನನ್ನ ಹೆಂಡತಿಗೂ ಸಿಕ್ಕಿರಲಿಲ್ಲ.

ಮ್ಯಾಸ್ಟಿಕ್ಕನ್ನು ಕಡಂಬುಟ್ಟಿನ ಹಿಟ್ಟಿಗಿಂತ ತುಸು ಸಡಿಲ ಕಲಸಿ
ಕೀಲಿಗೆ ಜಾಳಿಗೆ ಪಟ್ಟಿ ಸುತ್ತಿ, ಬೆರಳಲ್ಲೇ ಮೆತ್ತಿದೆ.
ಬ್ರಷ್ಷು ಇತ್ತು. ಬೆರಳಿಗೆ ತಿಳಿದಷ್ಟು ಅದಕ್ಕೆ ತಿಳಿಯುವುದಿಲ್ಲ.
ಮಂಡಿಯ ಮೇಲೆ ತೆವಳಿ ಐದು, ಆರು, ಒಂಬತ್ತು.
ಕೆಳಗಿನ ಪ್ಲೈವುಡ್ಡು ದಾಟಿದ್ದು ಗೊತ್ತಾಗಿದ್ದು ಮೂಗಿಗೆ,
ಆ ಕಡೆ ಬೈಂಬಳೆಗೆ ಒಗ್ಗರಣೆ ಬಿದ್ದಿತ್ತು.
ಮತ್ತೆ ಒಂದು ಕೆಮ್ಮು. ಒಣ ಕೆಮ್ಮು, ನಿಂತು ನಿಂತು.

ಹನ್ನೊಂದು ಮುಗಿಸಿ ಮುಚ್ಚಳದ ಹತ್ತಿರ ಬಂದಾಗ
ಹೊಗೆ ಅಲುಗಾಡದೆ ನೇರ ಕೆಳಗಿಳಿಯಿತು,
ನಾಲ್ಕು ಬೆರಳಗಲದ ಚೌಕದೊಳಕ್ಕೆ,
ಮುತ್ತವ್ವನ ಮಂಚದ ಮೇಲಕ್ಕೆ.
ತುಕ್ಕು ತಿಂದದ್ದಲ್ಲ ಅದು, ಇಲಿ ಕಡಿದದ್ದೂ ಅಲ್ಲ.
ಕತ್ತರಿಯ ಗೆರೆ ಅಳತೆಪಟ್ಟಿ ಇಟ್ಟ ಹಾಗೆ ನೆಟ್ಟಗಿತ್ತು.
ಅಂಚಿಗೆ ಅರ ಹಾಕಿ, ಅದರ ಮೇಲೆ
ರವಿಕೆಯ ಕುತ್ತಿಗೆಗೆ ಕೊಡುವಂಥ ಪೈಪಿಂಗು,
ನೀಲಿ ಬಟ್ಟೆ, ಗೋಂದಿನಲ್ಲಿ ಅಂಟಿಸಿದ್ದು,
ಗಾಳಿ ಸಿಳ್ಳೆ ಹಾಕದಂತೆ.

ಡಬ್ಬಿಯಲ್ಲಿ ಇನ್ನೂ ಒಂದು ಹಿಡಿ ಮ್ಯಾಸ್ಟಿಕ್ಕು ಉಳಿದಿತ್ತು.
ಸ್ವಲ್ಪ ಹೊತ್ತು ಅಲ್ಲೇ ಬೋರಲು ಮಲಗಿದ್ದೆ.
ಊದುಬತ್ತಿ ಮುಗಿಯಿತು, ಬೆರಳು ಸುಟ್ಟಿತು.

ಇಳಿದಾಗ ಬೊಳ್ಳಮ್ಮ ಗುಂಡಿಗೆ ಕಾಜ ಹೊಲಿಯುತ್ತಿದ್ದರು.
'ಎಷ್ಟಿದ್ದವು?'
'ಹನ್ನೊಂದು.'
ಸೂಜಿ ಬಟ್ಟೆಯೊಳಗೇ ನಿಂತಿತು.
'ಕೊನೆಯವರೆಗೆ ಹೋಗುತ್ತದಾ ಈಗ, ಬಿಸಿ?'
'ಹೋಗುತ್ತದೆ ಅಕ್ಕ. ಸೌದೆಯೂ ಅರ್ಧ ಸಾಕು.'
ಲೆಕ್ಕ ಕೊಟ್ಟರು. ಇನ್ನೂರು ಜಾಸ್ತಿ ಇತ್ತು,
ಹೇಳಿದರೆ 'ಎಣಿಸಲು ನಿನಗೆ ಬರುವುದಿಲ್ಲ' ಎಂದು ಗದರಿದರು.

ಗೇಟಿನ ಹತ್ತಿರ ಮುತ್ತವ್ವ, ಶಾಲು ಹೊದ್ದು, ದಾರಿಗೆ ಅಡ್ಡ.
'ನಮ್ಮ ಕಡೆ ಏನೂ ಮುಟ್ಟಿಲ್ಲ ತಾನೆ?'
ಜಗಳದ ದನಿಯೇ. ಆದರೆ ಕಣ್ಣು ನನ್ನ ಕೈಯ ಡಬ್ಬಿಯ ಮೇಲಿತ್ತು,
ಎಷ್ಟು ಖಾಲಿಯಾಗಿದೆ ಎಂದು ಅಳೆಯುತ್ತಿತ್ತು.
ಮುಚ್ಚಳ ತೆಗೆದು ತೋರಿಸಿದೆ.
ಒಂದು ಹಿಡಿ.
ಪಕ್ಕಕ್ಕೆ ಸರಿದರು.

ರಾತ್ರಿ ಸೀಮೆಎಣ್ಣೆ ಹಾಕಿ ಉಜ್ಜಿದರೂ
ಉಗುರಿನ ಸಂದಿಯ ಬೂದು ಬಣ್ಣ ಬಿಡಲಿಲ್ಲ.
ಸುಟ್ಟ ಬೆರಳಿನಲ್ಲಿ ಮಾತ್ರ
ಇನ್ನೂ ಊದುಬತ್ತಿಯ ವಾಸನೆ.